ಚರಿತ್ರೆ ಪ್ರಶ್ನೋತ್ತರ: ತುರ್ಕಿ ಯಾಕೆ ಯುದ್ಧಕ್ಕಿಳಿಯಿತು?

ಹಿಂದಿನ ಸಂಚಿಕೆಯ ಮೊದಲ ಮಹಾಯುದ್ಧದ ಬರಹದಲ್ಲಿ ಒಂದು ಸಾಲಿತ್ತು: ‘1914ರ ಕೊನೆಗೆ ತುರ್ಕಿ ಜರ್ಮನಿ ಕಡೆ ಸೇರಿತು.’ ಆ ಸಾಲನ್ನೇ ಹಿಡಿದು ತುಂಬಾ ಜನ ಕಾಗದ ಬರೆದಿದ್ದೀರಿ. ಈ ಸಲದ ಜಾಗವನ್ನೆಲ್ಲ ಅದಕ್ಕೇ ಬಿಟ್ಟಿದ್ದೇನೆ. ಆಗ ಆ ದೇಶದ ಹೆಸರು ಆಟೊಮನ್ ಸಾಮ್ರಾಜ್ಯ. ಇವತ್ತಿನ ತುರ್ಕಿ, ಸಿರಿಯಾ, ಲೆಬನಾನ್, ಇರಾಕ್, ಇಸ್ರೇಲ್, ಪ್ಯಾಲೆಸ್ಟೈನ್, ಜೋರ್ಡಾನ್ ಎಲ್ಲ ಅದರೊಳಗಿದ್ದವು. ಓದಲು ಸುಲಭ ಅಂತ ಇಲ್ಲಿ ತುರ್ಕಿ ಅಂತಲೇ ಬರೆಯುತ್ತೇನೆ.

ಮೇಡಂ, ತುರ್ಕಿ ಮೇಲೆ ಯಾರೂ ದಾಳಿ ಮಾಡಿರಲಿಲ್ಲ ಅಲ್ವಾ? ಮತ್ತೆ ಅದು ಯಾಕೆ ಯುದ್ಧಕ್ಕೆ ಹೋಯಿತು? ನಮ್ಮ ಪುಸ್ತಕದಲ್ಲಿ ಕಾರಣವೇ ಇಲ್ಲ.
– ಪಿಯುಸಿ ವಿದ್ಯಾರ್ಥಿನಿ, ದಾವಣಗೆರೆ

ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದೆಯಮ್ಮಾ. ಹೌದು, ಯಾರೂ ದಾಳಿ ಮಾಡಿರಲಿಲ್ಲ. ಬೇಕಿದ್ದರೆ ಸುಮ್ನೆ ಇರಬಹುದಿತ್ತು.

ಆದರೆ ಇಸ್ತಾಂಬುಲ್‌ನಲ್ಲಿ ಕೂತವರ ಮನಸ್ಸಿನೊಳಗೆ ಏನಿತ್ತು ಅಂತಲೂ ನೋಡಬೇಕು. ಅವರ ತಲೆಯಲ್ಲಿ ಇದ್ದದ್ದು ಭಯ. 1912–13ರ ಬಾಲ್ಕನ್ ಯುದ್ಧಗಳಲ್ಲಿ ತುರ್ಕಿ ಯುರೋಪಿನಲ್ಲಿದ್ದ ತನ್ನ ನೆಲವನ್ನು ಹೆಚ್ಚುಕಡಿಮೆ ಎಲ್ಲ ಕಳೆದುಕೊಂಡಿತ್ತು. ಸಲೋನಿಕಾದಂಥ ದೊಡ್ಡ ಊರು ಕೈಬಿಟ್ಟಿತ್ತು. ಮುಂದೆ ಅತಾತುರ್ಕ್ ಅನ್ನಿಸಿಕೊಂಡ ಮುಸ್ತಫಾ ಕೆಮಾಲ್ ಹುಟ್ಟಿದ್ದು ಅದೇ ಊರಲ್ಲಿ. ಅಲ್ಲಿಂದೆಲ್ಲ ಲಕ್ಷಗಟ್ಟಲೆ ಮುಸ್ಲಿಮರು ಗಂಟುಮೂಟೆ ಕಟ್ಟಿಕೊಂಡು ಓಡಿಬಂದಿದ್ದರು. ಇಸ್ತಾಂಬುಲ್‌ನ ಮಸೀದಿಗಳ ಅಂಗಳದಲ್ಲಿ ಮಲಗಿದ್ದರು. ಸಚಿವರು ಕಚೇರಿಗೆ ಹೋಗುವಾಗ ಅವರನ್ನು ನೋಡಿಕೊಂಡೇ ಹೋಗಬೇಕಿತ್ತು.

ಉತ್ತರದಲ್ಲಿ ರಷ್ಯಾ. ಕಪ್ಪು ಸಮುದ್ರದಿಂದ ಹೊರಬರಲು ಅದಕ್ಕಿದ್ದ ಒಂದೇ ದಾರಿ ಇಸ್ತಾಂಬುಲ್ ಪಕ್ಕದ ಜಲಸಂಧಿ. ಆ ದಾರಿ ಮೇಲೆ ಅದರ ಕಣ್ಣು ತುಂಬಾ ಹಳೆಯದು. ಬ್ರಿಟನ್, ಫ್ರಾನ್ಸ್‌ಗಳ ಬಳಿ ತುರ್ಕಿ ಸ್ನೇಹ ಕೇಳಿತು. ರಷ್ಯಾ ಅವರ ಜೊತೆಗಾರ, ಹಾಗಾಗಿ ಇವರನ್ನು ಯಾರೂ ಹತ್ತಿರ ಸೇರಿಸಲಿಲ್ಲ. ಸಾಲವೂ ಕುತ್ತಿಗೆಗೆ ಬಂದಿತ್ತು. ದೇಶದ ಆದಾಯದ ದೊಡ್ಡ ಪಾಲನ್ನು ಸಾಲ ಕೊಟ್ಟ ದೇಶಗಳವರೇ ಕೂತು ವಸೂಲಿ ಮಾಡುವ ಕಚೇರಿ 1881ರಿಂದಲೂ ನಡೆಯುತ್ತಿತ್ತು. ವಿದೇಶಿ ವ್ಯಾಪಾರಿಗಳಿಗೆ ಎಷ್ಟೋ ತೆರಿಗೆಗಳಿರಲಿಲ್ಲ, ಅವರ ಮೇಲೆ ತುರ್ಕಿ ಕೋರ್ಟಿನಲ್ಲಿ ಕೇಸೂ ನಡೆಯುತ್ತಿರಲಿಲ್ಲ. ಸ್ವಂತ ದೇಶದಲ್ಲೇ ಈ ಸ್ಥಿತಿ.

‘ಒಂಟಿಯಾಗಿ ಉಳಿದರೆ ನಮ್ಮನ್ನು ಹಂಚಿಕೊಳ್ಳುತ್ತಾರೆ’ ಅನ್ನುವ ಅವರ ಭಯ ಸುಳ್ಳಲ್ಲ. ಅದನ್ನು ನಾನು ಒಪ್ಪುತ್ತೇನೆ. ಆದರೆ ಆ ಭಯಕ್ಕೆ ಅವರು ಹುಡುಕಿದ ಔಷಧ ಇದೆಯಲ್ಲ, ಅದನ್ನು ಒಪ್ಪುವುದಕ್ಕೆ ಆಗುವುದಿಲ್ಲ.

1914ರ ಆಗಸ್ಟ್ 2ರಂದು ಜರ್ಮನಿ ಜೊತೆ ಗುಟ್ಟಾಗಿ ಒಪ್ಪಂದಕ್ಕೆ ಸಹಿ ಬಿತ್ತು. ಗೊತ್ತಿದ್ದದ್ದು ಪ್ರಧಾನಿ ಸೈದ್ ಹಲೀಮ್ ಪಾಷಾ, ಯುದ್ಧ ಸಚಿವ ಎನ್ವರ್ ಪಾಷಾ, ಒಳಾಡಳಿತ ಸಚಿವ ತಲಾತ್, ಹೀಗೆ ಬೆರಳೆಣಿಕೆ ಜನಕ್ಕೆ. ಹಣಕಾಸು ಸಚಿವ ಜಾವಿದ್‌ಗೇ ಗೊತ್ತಿರಲಿಲ್ಲ. ಯುದ್ಧದ ಖರ್ಚು ಹೊಂದಿಸಬೇಕಾದ ಮನುಷ್ಯ ಆತ! ಅದೇ ದಿನ ಸಂಸತ್ತಿನ ಅಧಿವೇಶನವನ್ನೂ ಮುಂದೂಡಿದರು. ಎನ್ವರ್‌ಗೆ ಆಗ 32 ವರ್ಷ. 1908ರ ಕ್ರಾಂತಿಯ ಹೀರೋ, ಸುಲ್ತಾನರ ಮನೆತನದ ಅಳಿಯ. ತನ್ನ ಮೇಲೆ ತನಗೆ ವಿಪರೀತ ನಂಬಿಕೆ.

ಬ್ರಿಟನ್ ಎರಡು ಹಡಗು ಕಿತ್ತುಕೊಂಡಿತು, ಆ ಸಿಟ್ಟಿಗೆ ತುರ್ಕಿ ಯುದ್ಧಕ್ಕಿಳಿಯಿತು ಅಂತ ಕೇಳಿದ್ದೇನೆ. ನಿಜವೇ?
– ಓದುಗರು, ಮಂಗಳೂರು

ಹಡಗು ಕಿತ್ತುಕೊಂಡದ್ದು ನಿಜ. ಅದೇ ಕಾರಣ ಅನ್ನುವುದು ಪೂರ್ತಿ ನಿಜವಲ್ಲ.

ತುರ್ಕಿಗಾಗಿ ಇಂಗ್ಲೆಂಡಿನಲ್ಲಿ ಎರಡು ದೊಡ್ಡ ಯುದ್ಧನೌಕೆಗಳು ತಯಾರಾಗುತ್ತಿದ್ದವು. ಒಂದು ‘ಸುಲ್ತಾನ್ ಉಸ್ಮಾನ್’, ಇನ್ನೊಂದು ‘ರೆಶಾದಿಯೆ’. ಇದಕ್ಕಾಗಿ ಊರೂರಲ್ಲಿ ಚಂದಾ ಎತ್ತಿದ್ದರು. ಶಾಲೆ ಮಕ್ಕಳು ಕಾಸು ಹಾಕಿದ್ದರು, ಹೆಂಗಸರು ಒಡವೆ ಬಿಚ್ಚಿ ಕೊಟ್ಟಿದ್ದರು. ಹಡಗು ಒಯ್ಯಲು ತುರ್ಕಿ ನಾವಿಕರು ನ್ಯೂಕ್ಯಾಸಲ್‌ಗೆ ಬಂದು ಟೈನ್ ನದಿಯಲ್ಲಿ ಕಾಯುತ್ತಿದ್ದರು. ಅಷ್ಟರಲ್ಲಿ ಬ್ರಿಟನ್ನಿನ ನೌಕಾ ಸಚಿವ ಚರ್ಚಿಲ್ ಎರಡನ್ನೂ ವಶಕ್ಕೆ ತೆಗೆದುಕೊಂಡ. ಚಂದಾ ಕೊಟ್ಟ ಜನಕ್ಕೆ ಹೇಗಾಗಿರಬೇಕು, ನೀವೇ ಯೋಚಿಸಿ. ಆ ಹಡಗುಗಳು ಹೆಸರು ಬದಲಿಸಿಕೊಂಡು 1916ರಲ್ಲಿ ಜಟ್‌ಲೆಂಡ್ ಕಾಳಗದಲ್ಲಿ ಬ್ರಿಟನ್ ಪರವಾಗಿ ಹೋರಾಡಿದವು.

ಆದರೆ ತಾರೀಖು ಗಮನಿಸಿ. ಹಡಗು ವಶವಾದದ್ದು ಆಗಸ್ಟ್ 1ರ ಹೊತ್ತಿಗೆ. ಜರ್ಮನಿ ಜೊತೆ ಮಾತುಕತೆ ಜುಲೈನಿಂದಲೇ ನಡೆಯುತ್ತಿತ್ತು. ಹಡಗಿನ ಘಟನೆಯಿಂದ ಆದದ್ದು ಇಷ್ಟು: ಅಲ್ಲಿಯವರೆಗೂ ಬ್ರಿಟನ್ ಬಗ್ಗೆ ಒಳ್ಳೆಯ ಮಾತಾಡುತ್ತಿದ್ದವರು ಬಾಯಿ ಮುಚ್ಚಿಕೊಳ್ಳಬೇಕಾಯಿತು.

ಆ ಖಾಲಿ ಜಾಗಕ್ಕೆ ಜರ್ಮನಿ ಬಂತು. ಬ್ರಿಟಿಷ್ ನೌಕಾಪಡೆ ಬೆನ್ನಟ್ಟುತ್ತಿದ್ದ ‘ಗೋಬೆನ್’, ‘ಬ್ರೆಸ್ಲಾವ್’ ಅನ್ನುವ ಎರಡು ಜರ್ಮನ್ ಹಡಗುಗಳು ಆಗಸ್ಟ್ 10ರಂದು ಡಾರ್ಡನೆಲ್ಸ್ ಜಲಸಂಧಿಗೆ ನುಗ್ಗಿದವು. ತಟಸ್ಥ ದೇಶ ಅವನ್ನು ಒಳಗೆ ಬಿಟ್ಟುಕೊಳ್ಳುವ ಹಾಗಿರಲಿಲ್ಲ. ಎನ್ವರ್ ಬಿಟ್ಟುಕೊಂಡ. ‘ಈ ಹಡಗುಗಳನ್ನು ನಾವು ಕೊಂಡಿದ್ದೇವೆ’ ಅಂತ ಸರ್ಕಾರ ಪ್ರಕಟಿಸಿತು. ಗೋಬೆನ್ ಹೆಸರು ‘ಯಾವುಜ್’ ಆಯಿತು, ಬ್ರೆಸ್ಲಾವ್ ಹೆಸರು ‘ಮಿದಿಲ್ಲಿ’ ಆಯಿತು. ಒಳಗಿದ್ದವರು ಮಾತ್ರ ಅದೇ ಜರ್ಮನ್ ನಾವಿಕರು, ತಲೆ ಮೇಲೆ ಕೆಂಪು ತುರ್ಕಿ ಟೊಪ್ಪಿ ಅಷ್ಟೇ. ಅವರ ಅಡ್ಮಿರಲ್ ಸೂಶೊನ್ ತುರ್ಕಿ ನೌಕಾಪಡೆಗೇ ಮುಖ್ಯಸ್ಥನಾದ. ಅಲ್ಲಿಗೆ ಯುದ್ಧ ಶುರು ಮಾಡುವ ಬೀಗದ ಕೈ ಹೊರಗಿನವನ ಜೇಬಿಗೆ ಹೋಯಿತು.

ಯುದ್ಧ ನಿಜವಾಗಿ ಶುರುವಾದದ್ದು ಯಾವತ್ತು? ಒಂದೊಂದು ಪುಸ್ತಕದಲ್ಲಿ ಒಂದೊಂದು ತಾರೀಖಿದೆ.
– ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು, ವಿಜಯಪುರ

ಮೊದಲ ಗುಂಡು ಹಾರಿದ್ದು 1914ರ ಅಕ್ಟೋಬರ್ 29. ಆ ಬೆಳಿಗ್ಗೆ ಸೂಶೊನ್ ಹಡಗುಗಳು ರಷ್ಯಾದ ಒಡೆಸ್ಸಾ, ಸೆವಸ್ತೊಪೋಲ್, ಫಿಯೊದೋಸಿಯಾ, ನೊವೊರೊಸಿಸ್ಕ್ ಬಂದರುಗಳ ಮೇಲೆ ಗುಂಡು ಹಾರಿಸಿದವು. ನವೆಂಬರ್ ಮೊದಲ ವಾರದಲ್ಲಿ ರಷ್ಯಾ, 5ರಂದು ಬ್ರಿಟನ್ ಮತ್ತು ಫ್ರಾನ್ಸ್ ಯುದ್ಧ ಸಾರಿದವು. ಪರೀಕ್ಷೆಗೆ ಇಷ್ಟು ಸಾಕು.

ಆದರೆ ಆ ದಿನಗಳಲ್ಲಿ ಇಸ್ತಾಂಬುಲ್‌ನಲ್ಲಿ ನಡೆದದ್ದನ್ನೂ ತಿಳಿದುಕೊಳ್ಳಿ. ಗುಂಡು ಹಾರಿಸುವ ಗುಟ್ಟಿನ ಆದೇಶ ಎನ್ವರ್ ಕಡೆಯಿಂದ ಹೋಗಿತ್ತು. ಅದಕ್ಕೂ ಮೊದಲು ಜರ್ಮನಿಯಿಂದ ರೈಲಿನಲ್ಲಿ ಸಾಲದ ಚಿನ್ನ ಬಂದಿಳಿದಿತ್ತು. ಹೆಚ್ಚಿನ ಸಚಿವರಿಗೆ ವಿಷಯ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಪ್ರಧಾನಿ ರಾಜೀನಾಮೆಗೆ ಸಿದ್ಧನಾದ, ರಷ್ಯಾಕ್ಕೆ ಸಮಾಧಾನದ ಪತ್ರ ಬರೆದ. ಕೆಲಸವಾಗಲಿಲ್ಲ. ಜಾವಿದ್ ಸೇರಿ ನಾಲ್ವರು ಸಚಿವರು ಮಂತ್ರಿಗಿರಿ ಬಿಟ್ಟರು. ಅವರಲ್ಲಿ ಒಬ್ಬ ಅರ್ಮೇನಿಯನ್, ಇನ್ನೊಬ್ಬ ಅರಬ್ ಕ್ರೈಸ್ತ ಕವಿ. ಆ ನಾಲ್ವರ ಹೆಸರು ಯಾವ ಪಠ್ಯದಲ್ಲೂ ಬರುವುದಿಲ್ಲ. ಬರಬೇಕಿತ್ತು. ಬೇಡ ಅಂದು ಎದ್ದು ಹೊರಟವರೂ ಅಲ್ಲಿದ್ದರು ಅಂತ ಮಕ್ಕಳಿಗೆ ಗೊತ್ತಾಗಬೇಕು.

ಮೇಡಂ, ಅಲ್ಲಿನ ಸಾಮಾನ್ಯ ಜನಕ್ಕೆ ಯುದ್ಧ ಬೇಕಿತ್ತಾ? ನಾನು ರೈತ, ಅದಕ್ಕೇ ಕೇಳುತ್ತಿದ್ದೇನೆ.
– ಓದುಗರು, ಚಿಕ್ಕನಾಯಕನಹಳ್ಳಿ

ನೀವು ರೈತರು ಅಂದಿರಿ, ಹಾಗಾಗಿ ಸುಗ್ಗಿಯಿಂದಲೇ ಶುರು ಮಾಡುತ್ತೇನೆ. ಸೈನ್ಯಕ್ಕೆ ಸೇರಬೇಕು ಅನ್ನುವ ಆದೇಶ ಹೊರಟದ್ದು ಆಗಸ್ಟ್ ಮೊದಲ ವಾರ. ಅನತೋಲಿಯಾದಲ್ಲಿ, ಅಂದರೆ ತುರ್ಕಿಯ ಏಷ್ಯಾ ಭಾಗದಲ್ಲಿ, ಗೋಧಿ, ಬಾರ್ಲಿ ಕೊಯ್ಲಿನ ಕಾಲ ಅದು. 20ರಿಂದ 45 ವರ್ಷದ ಗಂಡಸರೆಲ್ಲ ಬರಬೇಕು, ಜೊತೆಗೆ ಕೆಲವು ದಿನದ ಬುತ್ತಿಯನ್ನೂ ತಾವೇ ತರಬೇಕು. ಬೆಳೆ ಹೊಲದಲ್ಲಿ ನಿಂತಿದೆ, ಕೊಯ್ಯುವ ಕೈ ಹೊರಟುಹೋಯಿತು. ಎತ್ತು, ಕುದುರೆ, ಗಾಡಿಗಳನ್ನೂ ಸೈನ್ಯ ಹಿಡಿದುಕೊಂಡು ಹೋಯಿತು. ಅಂಗಡಿಗಳಿಂದ ಬಟ್ಟೆ, ಸಕ್ಕರೆ, ಎಣ್ಣೆ ಎತ್ತಿ, ಆಮೇಲೆ ದುಡ್ಡು ಕೊಡುತ್ತೇವೆ ಅಂತ ಚೀಟಿ ಬರೆದುಕೊಟ್ಟರು. ಇಷ್ಟೆಲ್ಲ ಆದದ್ದು ಯುದ್ಧ ಸಾರುವುದಕ್ಕೆ ಮೂರು ತಿಂಗಳ ಮೊದಲೇ!

ಹೊಲ ಹೆಂಗಸರ ಪಾಲಿಗೆ ಬಂತು. ಮರುವರ್ಷ ಬಿತ್ತನೆ ಕಡಿಮೆಯಾಯಿತು. ಸಿರಿಯಾ ಮತ್ತು ಪ್ಯಾಲೆಸ್ಟೈನ್ ಕಡೆ 1915ರ ಮಾರ್ಚಿನಲ್ಲಿ ಮಿಡತೆ ಬಂತು. ಇದ್ದಬದ್ದ ಹಸಿರೂ ಹೋಯಿತು. ಸಮುದ್ರದಲ್ಲಿ ಬ್ರಿಟನ್, ಫ್ರಾನ್ಸ್‌ಗಳ ದಿಗ್ಬಂಧನ, ಹೊರಗಿನಿಂದ ಕಾಳು ಬರುವಂತಿಲ್ಲ. ಒಳಗಿದ್ದ ಕಾಳಿನಲ್ಲಿ ಮೊದಲ ಪಾಲು ಸೈನ್ಯಕ್ಕೆ, ಉಳಿದದ್ದು ಕಾಳಸಂತೆಗೆ. ಲೆಬನಾನ್ ಬೆಟ್ಟಸೀಮೆಯಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಜನ ಹಸಿವು ಮತ್ತು ರೋಗಕ್ಕೆ ಸತ್ತರು ಅಂತ ಅಂದಾಜು. ಅಲ್ಲಿ ಒಂದು ಕಾಳಗವೂ ನಡೆದಿರಲಿಲ್ಲ.

ಸೈನಿಕರ ಕಥೆಯೂ ಹಾಗೇ. ಡಿಸೆಂಬರ್ ಕೊನೆಗೆ ಎನ್ವರ್ ತಾನೇ ಮುಂದೆ ನಿಂತು ರಷ್ಯಾ ಗಡಿಯ ಸರಿಕಾಮಿಶ್ ಹತ್ತಿರ ಸುಮಾರು ಒಂದು ಲಕ್ಷ ಜನರ ಸೈನ್ಯವನ್ನು ಹಿಮದ ಬೆಟ್ಟ ಹತ್ತಿಸಿದ. ಎಷ್ಟೋ ಜನರಿಗೆ ಚಳಿಗಾಲದ ಕೋಟೂ ಇರಲಿಲ್ಲ, ಸರಿಯಾದ ಬೂಟೂ ಇರಲಿಲ್ಲ. ಕೆಲವೇ ವಾರದಲ್ಲಿ ಅರ್ಧಕ್ಕಿಂತ ಹೆಚ್ಚು ಸೈನ್ಯ ಮುಗಿದುಹೋಯಿತು. ತುಂಬಾ ಜನ ರಾತ್ರಿ ಕೂತಲ್ಲೇ ಹೆಪ್ಪುಗಟ್ಟಿ ಸತ್ತರು. ಉಳಿದವರನ್ನು ಟೈಫಸ್ ಜ್ವರ ಹಿಡಿಯಿತು, ಅವರಿಂದ ಊರುಗಳಿಗೂ ಹರಡಿತು. ಇಡೀ ಯುದ್ಧದಲ್ಲಿ 7 ಲಕ್ಷಕ್ಕೂ ಹೆಚ್ಚು ತುರ್ಕಿ ಸೈನಿಕರು ಸತ್ತರು ಅಂತ ಇತಿಹಾಸಕಾರರ ಲೆಕ್ಕ. ಅರ್ಧಕ್ಕಿಂತ ಹೆಚ್ಚು ಜನ ಗುಂಡಿಗಲ್ಲ, ರೋಗಕ್ಕೆ ಬಲಿಯಾದವರು.

ಜನಕ್ಕೆ ಯುದ್ಧ ಬೇಕಿತ್ತಾ ಅಂತ ಕೇಳಿದಿರಿ. ಯಾರೂ ಅವರನ್ನು ಕೇಳಲೇ ಇಲ್ಲ. ಈ ಇಡೀ ಕಥೆಯಲ್ಲಿ ನನಗೆ ಹೊಟ್ಟೆ ಉರಿಯುವುದು ಇದಕ್ಕೇ.

ನಮ್ಮ ಮನೆತನದ ಹಿರಿಯರೊಬ್ಬರು ಮೈಸೂರು ಲ್ಯಾನ್ಸರ್ಸ್‌ನಲ್ಲಿ ಸವಾರರಾಗಿದ್ದರಂತೆ. ಅವರು ಹೋರಾಡಿದ್ದು ಇದೇ ತುರ್ಕಿ ವಿರುದ್ಧವೇ? ಹೈಫಾ ಬಿಟ್ಟು ಬೇರೆಲ್ಲಾದರೂ ಹೋಗಿದ್ದರೇ?
– ಓದುಗರು, ಮೈಸೂರು

ಹೌದು, ಇದೇ ತುರ್ಕಿ. ಎನ್ವರ್ ಆ ಅಕ್ಟೋಬರಿನಲ್ಲಿ ಸುಮ್ನೆ ಇದ್ದಿದ್ದರೆ ನಿಮ್ಮ ಹಿರಿಯರು ಪ್ಯಾಲೆಸ್ಟೈನ್ ನೋಡುವ ಪ್ರಸಂಗವೇ ಬರುತ್ತಿರಲಿಲ್ಲವೇನೋ.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ. ಮೈಸೂರು ಸಂಸ್ಥಾನ ಯುದ್ಧ ನಿಧಿಗೆ 50 ಲಕ್ಷ ರೂಪಾಯಿ ಕೊಟ್ಟಿತು. ಕುದುರೆ ಪಡೆಯನ್ನೂ ಕಳಿಸಿತು. 1914ರ ಕೊನೆಗೆ ಅವರು ಈಜಿಪ್ಟ್ ಸೇರಿದರು. ಮೊದಲ ಕೆಲಸ ಸೂಯೆಜ್ ಕಾಲುವೆ ಕಾಯುವುದು. 1915ರ ಫೆಬ್ರವರಿಯಲ್ಲಿ ತುರ್ಕಿಯ ನೌಕಾ ಸಚಿವ ಜೆಮಾಲ್ ಪಾಷಾನ ಸೈನ್ಯ ಸಿನಾಯ್ ಮರಳುಗಾಡು ದಾಟಿ, ದೋಣಿಗಳನ್ನು ಎಳೆದುಕೊಂಡು ಬಂದು ಕಾಲುವೆ ಮೇಲೆ ಬಿತ್ತು. ಆಗ ಕಾಲುವೆ ಕಾಯುತ್ತಿದ್ದವರಲ್ಲಿ ಹೆಚ್ಚಿನವರು ಭಾರತದವರೇ. ದಾಳಿ ವಿಫಲವಾಯಿತು.

ಇವತ್ತಿನ ಇಸ್ರೇಲ್‌ನಲ್ಲಿರುವ ಬಂದರು ಹೈಫಾದ ಕಾಳಗ 1918ರ ಸೆಪ್ಟೆಂಬರ್ 23ಕ್ಕೆ. ಊರಿನ ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ಹೊಳೆ. ಹೊಳೆ ದಂಡೆಯಲ್ಲಿ ಕುದುರೆ ಹೂತುಹೋಗುವ ಕೆಸರು. ಬೆಟ್ಟದ ಮೇಲೆ ತುರ್ಕಿಯವರ ಫಿರಂಗಿ ತೋಪು, ಕೆಳಗೆ ಮೆಷಿನ್ ಗನ್. ಜೊತೆಗಿದ್ದ ಜೋಧಪುರ ಸಂಸ್ಥಾನದ ಸವಾರರು ಬಯಲಲ್ಲಿ ನುಗ್ಗಬೇಕು, ಅದಕ್ಕೆ ಮೊದಲು ಬೆಟ್ಟದ ತೋಪಿನ ಬಾಯಿ ಮುಚ್ಚಿಸಬೇಕು. ಆ ಕೆಲಸ ಬಂದದ್ದು ಮೈಸೂರಿನ ತುಕಡಿಗೆ. ಕಡಿದಾದ ದಾರಿಯಲ್ಲಿ ಕುದುರೆಗಳನ್ನು ಹತ್ತಿಸಿ ತೋಪುಗಳ ಮೇಲೆ ಬಿದ್ದರು. ಊರು ಕೈಸೇರಿತು. ಆ ದಿನ ಎರಡೂ ಪಡೆ ಸೇರಿ 1,350 ಜನರನ್ನು ಸೆರೆಹಿಡಿದವು. ನಮ್ಮ ಕಡೆ ಸತ್ತವರು 8, ಗಾಯಗೊಂಡವರು 34. ಸತ್ತ ಕುದುರೆ 60. ಜೋಧಪುರದ ಮೇಜರ್ ದಳಪತ್ ಸಿಂಗ್ ಅಲ್ಲೇ ಮಡಿದರು.

ಅಷ್ಟಕ್ಕೇ ಮುಗಿಯಲಿಲ್ಲ. ಒಂದು ತಿಂಗಳಾದ ಮೇಲೆ, ಅಕ್ಟೋಬರ್ 26ರಂದು, ಸಿರಿಯಾದ ಅಲೆಪ್ಪೊ ಉತ್ತರಕ್ಕಿರುವ ಹರಿತಾನ್ ಅನ್ನುವ ಊರಿನ ಹತ್ತಿರ ಮೈಸೂರು, ಜೋಧಪುರದ ಸವಾರರು ಮತ್ತೆ ತುರ್ಕಿ ಪಡೆ ಮೇಲೆ ನುಗ್ಗಿದರು. ಎದುರಿಗೆ ಎಣಿಸಿದ್ದಕ್ಕಿಂತ ಜಾಸ್ತಿ ಸೈನಿಕರಿದ್ದರು. ಹೈಫಾಕ್ಕಿಂತ ಹೆಚ್ಚು ಸಾವಾದದ್ದು ಇಲ್ಲಿ, 21 ಜನ. ನಾಲ್ಕೇ ದಿನಕ್ಕೆ ಕದನವಿರಾಮವಾಯಿತು. ಆ ತುರ್ಕಿ ಪಡೆಗಳ ದಂಡನಾಯಕ ಯಾರು ಗೊತ್ತೇ? ಮುಸ್ತಫಾ ಕೆಮಾಲ್. ಹೈಫಾ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಹರಿತಾನ್ ಹೆಸರು ಯಾರೂ ಎತ್ತುವುದಿಲ್ಲ. ದಯವಿಟ್ಟು ನಿಮ್ಮ ಮನೆಯ ಹಳೇ ಕಾಗದಪತ್ರಗಳಲ್ಲಿ ಆ ಹೆಸರು ಇದೆಯಾ ನೋಡಿ.

ದೆಹಲಿಯ ತೀನ್ ಮೂರ್ತಿಯಲ್ಲಿರುವ ಮೂರು ಪ್ರತಿಮೆಗಳು ಹೈದರಾಬಾದ್, ಜೋಧಪುರ, ಮೈಸೂರು ಪಡೆಗಳ ನೆನಪಿಗೆ ನಿಲ್ಲಿಸಿದವು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕಸ್ತಂಭವಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ.

ಇನ್ನು ಕೆಲವು ಭಾರತೀಯ ಪಡೆಗಳು ಇರಾಕಿಗೆ ಹೋದವು. ಕುಟ್ ಅನ್ನುವ ಊರಲ್ಲಿ ಪುಣೆ ಡಿವಿಷನ್ನನ್ನು ತುರ್ಕಿ ಸೈನ್ಯ 1915ರ ಡಿಸೆಂಬರಿನಿಂದ ಸುತ್ತುಗಟ್ಟಿತು. ಅದರಲ್ಲಿ ಮರಾಠಾ ಪಲ್ಟಣಗಳಿದ್ದವು. ಮುಂದೆ ಬೆಳಗಾವಿಯಲ್ಲಿ ನೆಲೆಯೂರಿದ ರೆಜಿಮೆಂಟಿನ ಹಿಂದಿನ ರೂಪ ಅವು. ಆಹಾರ ಮುಗಿದು, ಕುದುರೆ ಮಾಂಸ ತಿನ್ನುವ ಗತಿ ಬಂತು. ಜಾತಿ-ಧರ್ಮ ಕೆಡುತ್ತದೆ ಅಂತ ಎಷ್ಟೋ ಭಾರತೀಯ ಸಿಪಾಯಿಗಳು ತುಂಬಾ ದಿನ ಮುಟ್ಟಲಿಲ್ಲ. 1916ರ ಏಪ್ರಿಲ್ 29ರಂದು ಸುಮಾರು 13 ಸಾವಿರ ಜನ ಶರಣಾದರು. ಸೆರೆಯಲ್ಲಿ ಸಾವಿರಾರು ಜನ ಸತ್ತರು. ಇತ್ತ ಅವರ ಜನರಲ್ ಟೌನ್‌ಶೆಂಡ್‌ನನ್ನು ಇಸ್ತಾಂಬುಲ್ ಪಕ್ಕದ ದ್ವೀಪದ ಬಂಗಲೆಯಲ್ಲಿ ಇಟ್ಟಿದ್ದರು.

ಅರ್ಮೇನಿಯನ್ನರಿಗೆ ಏನಾಯಿತು? ಕೆಲವರು ನರಮೇಧ ಅನ್ನುತ್ತಾರೆ, ಕೆಲವರು ಯುದ್ಧದಲ್ಲಿ ಆದ ಅನಾಹುತ ಅನ್ನುತ್ತಾರೆ.
– ಓದುಗರು, ಬೆಂಗಳೂರು

ನಾನು ನರಮೇಧ ಅಂತಲೇ ಹೇಳುತ್ತೇನೆ. ಇದನ್ನು ಅಭ್ಯಾಸ ಮಾಡಿದ ಇತಿಹಾಸಕಾರರಲ್ಲಿ ಹೆಚ್ಚಿನವರು ಹೇಳುವುದೂ ಅದನ್ನೇ. ತುರ್ಕಿ ಸರ್ಕಾರ ಇವತ್ತಿಗೂ ಒಪ್ಪುವುದಿಲ್ಲ.

ಅರ್ಮೇನಿಯನ್ನರು ಅಂದರೆ ತುರ್ಕಿಯೊಳಗೇ ತಲೆತಲಾಂತರದಿಂದ ಬಾಳುತ್ತಿದ್ದ ಒಂದು ಕ್ರೈಸ್ತ ಜನಾಂಗ. 1915ರ ಏಪ್ರಿಲ್ 24ರ ರಾತ್ರಿ ಇಸ್ತಾಂಬುಲ್‌ನಲ್ಲಿ 200ಕ್ಕೂ ಹೆಚ್ಚು ಅರ್ಮೇನಿಯನ್ ಲೇಖಕರು, ವೈದ್ಯರು, ಪತ್ರಕರ್ತರು, ಪಾದ್ರಿಗಳನ್ನು ಹಿಡಿದರು. ಆಮೇಲೆ ಊರಿಗೆ ಊರೇ ಖಾಲಿ ಮಾಡಿಸಿದರು. ಗಂಡಸರನ್ನು ಬೇರೆ ಮಾಡಿ ಕೊಂದರು. ಹೆಂಗಸರು, ಮಕ್ಕಳು, ಮುದುಕರನ್ನು ಸಿರಿಯಾದ ಮರುಭೂಮಿ ಕಡೆ ನಡೆಸಿದರು. ದಾರಿಯಲ್ಲಿ ಸುಲಿಗೆ, ಅತ್ಯಾಚಾರ, ಕೊಲೆ. ಸತ್ತವರು 6 ಲಕ್ಷದಿಂದ 15 ಲಕ್ಷದವರೆಗೆ ಅನ್ನುವ ಅಂದಾಜುಗಳಿವೆ. ಸರಿಕಾಮಿಶ್ ಸೋಲಿನ ಹೊಣೆಯನ್ನು ಅರ್ಮೇನಿಯನ್ನರ ಮೇಲೆ ಹಾಕಿದ್ದರು. ಕೆಲವು ಅರ್ಮೇನಿಯನ್ನರು ರಷ್ಯಾ ಕಡೆ ಸೇರಿದ್ದೂ ಉಂಟು. ಅದಕ್ಕೆ ತೊಟ್ಟಿಲ ಕೂಸು ಏನು ಮಾಡಿತ್ತು ಹೇಳಿ?

ಆದೇಶ ಒಳಾಡಳಿತ ಸಚಿವ ತಲಾತ್ ಕಚೇರಿಯಿಂದ ತಂತಿ ಮೂಲಕ ಹೋಗುತ್ತಿತ್ತು. ಅದನ್ನು ಪಾಲಿಸದ ಅಧಿಕಾರಿಗಳೂ ಇದ್ದರು. ಕೊನ್ಯಾದ ಗವರ್ನರ್ ಜೆಲಾಲ್ ಬೇ ತನ್ನ ಕೈಲಾದಷ್ಟು ದಿನ ತಡೆದು ಸಾವಿರಾರು ಜನರನ್ನು ಉಳಿಸಿದ. ಕುತಾಹ್ಯಾದ ಫೈಕ್ ಅಲಿ ಕೂಡ ಅರ್ಮೇನಿಯನ್ನರನ್ನು ಊರು ಬಿಡಿಸಲಿಲ್ಲ. ಅವರ ಕೈಲಿ ಸಾಧ್ಯವಾದದ್ದು ಉಳಿದ ಅಧಿಕಾರಿಗಳಿಗೂ ಸಾಧ್ಯವಿತ್ತು.

ಜಿಹಾದ್ ಕರೆಗೆ ಭಾರತದ ಮುಸ್ಲಿಮರು ಓಗೊಟ್ಟರೇ? ಖಿಲಾಫತ್ ಚಳವಳಿಗೂ ಇದಕ್ಕೂ ಸಂಬಂಧ ಹೇಗೆ?
– ಓದುಗರು, ಕಲಬುರಗಿ

1914ರ ನವೆಂಬರ್ 14ಕ್ಕೆ ಇಸ್ತಾಂಬುಲ್‌ನಲ್ಲಿ ಜಿಹಾದ್ ಸಾರಿದರು. ಲೋಕದ ಮುಸ್ಲಿಮರೆಲ್ಲ ಎದ್ದು ನಿಲ್ಲುತ್ತಾರೆ ಅಂತ ಜರ್ಮನಿಗೆ ಭಾರೀ ಆಸೆ. ಹಾಗಾಗಲಿಲ್ಲ. ಭಾರತದ ಮುಸ್ಲಿಂ ಸೈನಿಕರಲ್ಲಿ ಬಹುಪಾಲು ಜನ ತಮ್ಮ ಪಡೆಯಲ್ಲೇ ಉಳಿದರು. ಆದರೆ ಮನಸ್ಸಿಗೆ ಕಷ್ಟವಾಗಲಿಲ್ಲ ಅನ್ನಬೇಡಿ. 1915ರ ಫೆಬ್ರವರಿಯಲ್ಲಿ ಸಿಂಗಾಪುರದಲ್ಲಿ ಭಾರತದ ಮುಸ್ಲಿಮರಿದ್ದ 5ನೇ ಲೈಟ್ ಇನ್‌ಫೆಂಟ್ರಿ ಪಲ್ಟಣ ದಂಗೆ ಎದ್ದಿತು. ತುರ್ಕರ ಮೇಲೆ ನಮ್ಮನ್ನು ಬಿಡುತ್ತಾರೆ ಅನ್ನುವ ಸುದ್ದಿ ಹಬ್ಬಿದ್ದೂ ಒಂದು ಕಾರಣ. 47 ಜನರನ್ನು ಸಾರ್ವಜನಿಕವಾಗಿ ಗುಂಡಿಟ್ಟು ಕೊಂದರು.

ನಿಜವಾದ ಕಿಚ್ಚು ಹತ್ತಿದ್ದು ಯುದ್ಧ ಮುಗಿದ ಮೇಲೆ. 1920ರ ಆಗಸ್ಟ್ 10ರ ಸೆವ್ರ್ ಒಪ್ಪಂದದಲ್ಲಿ ತುರ್ಕಿಯನ್ನು ಹಂಚಿ ಹಾಕಿದರು. ಅರಬ್ ಸೀಮೆ ಬ್ರಿಟನ್, ಫ್ರಾನ್ಸ್ ಕೈಗೆ, ಇಜ್ಮಿರ್ ಸುತ್ತಿನ ಆಡಳಿತ ಗ್ರೀಸ್ ಕೈಗೆ. ತುರ್ಕಿಯ ಸುಲ್ತಾನರೇ ಆಗ ಖಲೀಫರು, ಅಂದರೆ ಲೋಕದ ಸುನ್ನಿ ಮುಸ್ಲಿಮರ ಮುಖ್ಯಸ್ಥರು ಅನ್ನಿಸಿಕೊಂಡಿದ್ದವರು. ಖಲೀಫರಿಗೆ ಅನ್ಯಾಯವಾಗಿದೆ ಅಂತ ಅಲಿ ಸಹೋದರರು ದೇಶ ಸುತ್ತಿದರು, ಗಾಂಧೀಜಿ ಜೊತೆಗೂಡಿದರು. ಅದೇ ತಿಂಗಳು ಗಾಂಧೀಜಿ, ಶೌಕತ್ ಅಲಿ ಇಬ್ಬರೂ ಮಂಗಳೂರಿಗೆ, ಬೆಂಗಳೂರಿಗೆ ಬಂದಿದ್ದರು.

ಕೊನೆಗೆ ಖಲೀಫರ ಪದವಿಯನ್ನು ತೆಗೆದದ್ದು ಬ್ರಿಟಿಷರಲ್ಲ, ತುರ್ಕಿಯ ಸಂಸತ್ತೇ. 1924ರ ಮಾರ್ಚ್ 3. ಕೊನೆಯ ಖಲೀಫ ಅಬ್ದುಲ್ ಮಜೀದ್ ದೇಶ ಬಿಟ್ಟು ಫ್ರಾನ್ಸಿನ ನೀಸ್ ಸೇರಿದರು. ನಿಮ್ಮ ಕಲಬುರಗಿ ಆಗ ನಿಜಾಮರ ರಾಜ್ಯದಲ್ಲಿತ್ತು, ಹಾಗಾಗಿ ಇದನ್ನೂ ಹೇಳಿಬಿಡುತ್ತೇನೆ. ಆ ಖಲೀಫರಿಗೆ ತಿಂಗಳ ಪಿಂಚಣಿ ಹೋಗುತ್ತಿದ್ದದ್ದು ಹೈದರಾಬಾದಿನಿಂದ. ಅವರ ಮಗಳು ದುರ್ರೆ ಶೆಹವಾರ್ 1931ರಲ್ಲಿ ನಿಜಾಮರ ಸೊಸೆಯಾಗಿ ಬಂದರು. ಹೈದರಾಬಾದಿನ ಹಳೇ ಊರಿನಲ್ಲಿ ಅವರ ಹೆಸರಿನ ಆಸ್ಪತ್ರೆ ಈಗಲೂ ಇದೆ.

ಯುದ್ಧಕ್ಕೆ ತಳ್ಳಿದ ಆ ಮೂವರು ಪಾಷಾಗಳಿಗೆ ಶಿಕ್ಷೆಯಾಯಿತೇ?
– ಓದುಗರು, ಶಿರಸಿ

ಕದನವಿರಾಮವಾದ ಕೂಡಲೇ ಎನ್ವರ್, ತಲಾತ್, ಜೆಮಾಲ್ ಮೂವರೂ ರಾತ್ರೋರಾತ್ರಿ ಜರ್ಮನ್ ಹಡಗು ಹತ್ತಿದರು. 1919ರಲ್ಲಿ ಇಸ್ತಾಂಬುಲ್ ಕೋರ್ಟು ಅವರು ಇಲ್ಲದೆಯೇ ಮರಣದಂಡನೆ ವಿಧಿಸಿತು. ತಲಾತ್‌ನನ್ನು 1921ರ ಮಾರ್ಚಿನಲ್ಲಿ ಬರ್ಲಿನ್ ಬೀದಿಯಲ್ಲಿ ಅರ್ಮೇನಿಯನ್ ಯುವಕ ಸೊಗೊಮೊನ್ ತೆಹ್ಲಿರಿಯನ್ ಗುಂಡಿಟ್ಟು ಕೊಂದ. ಜರ್ಮನ್ ಕೋರ್ಟು ಆತನನ್ನು ಬಿಡುಗಡೆ ಮಾಡಿತು. ಜೆಮಾಲ್ 1922ರಲ್ಲಿ ಜಾರ್ಜಿಯಾದ ಟಿಫ್ಲಿಸ್‌ನಲ್ಲಿ ಕೊಲೆಯಾದ. ಎನ್ವರ್ ಅದೇ ವರ್ಷ ಮಧ್ಯ ಏಷ್ಯಾದಲ್ಲಿ ಸೋವಿಯತ್ ರಷ್ಯಾದ ಕೆಂಪು ಸೇನೆ ವಿರುದ್ಧ ಹೋರಾಡುತ್ತಾ ಸತ್ತ.

ಯುದ್ಧ 1918ಕ್ಕೆ ಮುಗಿಯಿತು ಅಂತೀರಿ, ತುರ್ಕಿ ಗಣರಾಜ್ಯವಾದದ್ದು 1923ಕ್ಕೆ. ಮಧ್ಯದ ಐದು ವರ್ಷ ಏನಾಯಿತು?
– ನಿವೃತ್ತ ಶಿಕ್ಷಕರು, ಧಾರವಾಡ

ಮೇಷ್ಟ್ರೇ, ಆ ಐದು ವರ್ಷ ಇನ್ನೊಂದು ಯುದ್ಧವೇ ನಡೆಯಿತು. ಇಸ್ತಾಂಬುಲ್‌ನಲ್ಲಿ ಗೆದ್ದ ದೇಶಗಳ ಸೈನ್ಯ ಬಂದು ಕೂತಿತು. ಅದರಲ್ಲಿ ಭಾರತೀಯರೂ ಇದ್ದರು. ಮಗಳ ಜೊತೆ ಇಸ್ತಾಂಬುಲ್‌ಗೆ ಹೋಗಿದ್ದಾಗ ಹೈದರ್‌ಪಾಷಾ ಸ್ಮಶಾನ ಹುಡುಕಿಕೊಂಡು ಹೋದೆ. ಏಷ್ಯಾ ಬದಿಯಲ್ಲಿ, ರೈಲು ನಿಲ್ದಾಣದ ಹತ್ತಿರ ಇದೆ. 1919, 1920ರಲ್ಲಿ ಅಲ್ಲಿ ಸತ್ತ ಭಾರತೀಯ ಸೈನಿಕರ ಸ್ಮಾರಕ ಅಲ್ಲಿದೆ. ಕದನವಿರಾಮವಾದ ಮೇಲೆ ಸತ್ತವರು ಅವರು. ಊರಲ್ಲಿ ಮನೆಯವರು ಇನ್ನೇನು ಬರುತ್ತಾನೆ ಅಂತ ದಾರಿ ನೋಡುತ್ತಿದ್ದಿರಬೇಕು. ಅಲ್ಲಿ ನಿಂತು ಅತ್ತೆ.

1919ರ ಮೇ 15ಕ್ಕೆ ಗ್ರೀಕ್ ಸೈನ್ಯ ಇಜ್ಮಿರ್‌ನಲ್ಲಿ ಇಳಿಯಿತು. ನಾಲ್ಕು ದಿನದ ಮೇಲೆ ಮುಸ್ತಫಾ ಕೆಮಾಲ್ ಸಾಮ್ಸುನ್‌ನಲ್ಲಿ ಇಳಿದು ಪ್ರತಿರೋಧ ಕಟ್ಟಲು ಹೊರಟ. 1922ರ ಸೆಪ್ಟೆಂಬರಿನಲ್ಲಿ ತುರ್ಕಿ ಪಡೆ ಇಜ್ಮಿರ್‌ ಹಿಡಿಯಿತು. ಕೆಲವೇ ದಿನದಲ್ಲಿ ಊರಿನ ದೊಡ್ಡ ಭಾಗ ಬೆಂಕಿಗೆ ಹೋಯಿತು. ಸೆವ್ರ್ ಕಾಗದ ಬಿದ್ದುಹೋಗಿ 1923ರ ಜುಲೈ 24ರಂದು ಲೋಸಾನ್ ಒಪ್ಪಂದ ಬಂತು.

ಲೋಸಾನ್‌ನಲ್ಲಿ ತುರ್ಕಿ ಗೆದ್ದಿತು ಅಂತ ಓದುತ್ತೇವೆ. ಅದರ ಜೊತೆಗೇ ಜನರ ಅದಲು-ಬದಲು ಆಯಿತು. ಸುಮಾರು 12 ಲಕ್ಷ ಆರ್ಥೊಡಾಕ್ಸ್ ಕ್ರೈಸ್ತರು ಗ್ರೀಸಿನ ಪಾಲಾದರು, ಅವರಲ್ಲಿ ಹೆಚ್ಚಿನವರು ಮೊದಲೇ ಓಡಿಹೋಗಿದ್ದರು. ಸುಮಾರು 4 ಲಕ್ಷ ಮುಸ್ಲಿಮರು ಗ್ರೀಸಿನಿಂದ ತುರ್ಕಿಗೆ ಬಂದರು. ಯಾರು ಎಲ್ಲಿ ಅಂತ ತೀರ್ಮಾನಿಸಿದ್ದು ಧರ್ಮ ನೋಡಿ. ಕರಾಮಾನ್ ಸೀಮೆಯ ಕ್ರೈಸ್ತರ ಮನೆಮಾತು ತುರ್ಕಿ, ಅವರನ್ನು ಗ್ರೀಸಿಗೆ ಕಳಿಸಿದರು. ಕ್ರೀಟ್ ದ್ವೀಪದ ಮುಸ್ಲಿಮರ ಮನೆಮಾತು ಗ್ರೀಕ್, ಅವರನ್ನು ತುರ್ಕಿಗೆ ತಂದರು. ಎರಡೂ ಕಡೆ ಹೊಸ ಊರಿನವರು ಅವರನ್ನು ಪರಕೀಯರು ಅಂದರು. ನಮ್ಮಲ್ಲಿ 1947ರಲ್ಲಿ ಆದದ್ದನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಯಾವುಜ್ ಹಡಗು ಈಗಲೂ ಇದೆಯಾ?
– ಎಂಟನೇ ತರಗತಿ ವಿದ್ಯಾರ್ಥಿ, ಕಾರವಾರ

ಇಲ್ಲ ಪುಟ್ಟ. ತುಂಬಾ ವರ್ಷ ಬಾಳಿತು. 1938ರಲ್ಲಿ ಅತಾತುರ್ಕ್ ತೀರಿಕೊಂಡಾಗ ಅವರ ದೇಹವನ್ನು ಇಸ್ತಾಂಬುಲ್‌ನಿಂದ ಇಜ್ಮಿತ್‌ವರೆಗೆ ಒಯ್ದದ್ದು ಇದೇ ಹಡಗು. 1970ರ ದಶಕದಲ್ಲಿ ಒಡೆದು ಗುಜರಿಗೆ ಹಾಕಿದರು.

ಎರಡನೇ ಮಹಾಯುದ್ಧದಲ್ಲಿ ತುರ್ಕಿ ಹೆಸರೇ ಕೇಳುವುದಿಲ್ಲ. ಪಾಠ ಕಲಿತರು ಅನ್ನಬಹುದೇ?
– ಓದುಗರು, ಶಿವಮೊಗ್ಗ

ಒಂದು ಮಟ್ಟಿಗೆ ಅನ್ನಬಹುದು. ಆಗಿನ ಅಧ್ಯಕ್ಷ ಇಸ್ಮೆತ್ ಇನೊನು ಮೊದಲ ಯುದ್ಧದಲ್ಲಿ ಸೇನಾಧಿಕಾರಿಯಾಗಿದ್ದವನು. ಬ್ರಿಟನ್, ಫ್ರಾನ್ಸ್ ಜೊತೆ 1939ರಲ್ಲಿ ಒಪ್ಪಂದವಿತ್ತು, ಜರ್ಮನಿ ಜೊತೆ 1941ರಲ್ಲಿ ಸ್ನೇಹದ ಕರಾರೂ ಆಯಿತು. 1943ರ ಜನವರಿಯಲ್ಲಿ ಚರ್ಚಿಲ್ ತಾನೇ ಅದಾನಾಕ್ಕೆ ಬಂದು, ರೈಲು ಡಬ್ಬಿಯಲ್ಲಿ ಕೂತು ಯುದ್ಧಕ್ಕೆ ಬನ್ನಿ ಅಂತ ಕೇಳಿದ. ಇನೊನು ಇಲ್ಲ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ಆಯುಧ ಕೊಡಿ, ವಿಮಾನ ಕೊಡಿ, ಆಮೇಲೆ ನೋಡೋಣ ಅಂತ ದಿನ ದೂಡಿದ. ಕೊನೆಗೆ ಯುದ್ಧ ಸಾರಿದ್ದು 1945ರ ಫೆಬ್ರವರಿ 23ಕ್ಕೆ. ವಿಶ್ವಸಂಸ್ಥೆ ಕಟ್ಟುವ ಸ್ಯಾನ್ ಫ್ರಾನ್ಸಿಸ್ಕೊ ಸಭೆಗೆ ಆಹ್ವಾನ ಬೇಕಿದ್ದರೆ ಮಾರ್ಚ್ 1ರೊಳಗೆ ಯುದ್ಧ ಸಾರಿರಬೇಕು ಅನ್ನುವ ಷರತ್ತಿತ್ತು. ಅದಕ್ಕಾಗಿ ಸಾರಿದರು. ಒಂದು ಗುಂಡೂ ಹಾರಿಸಬೇಕಾಗಿ ಬರಲಿಲ್ಲ.

ಆದರೆ ಎಲ್ಲರೂ ಚೆನ್ನಾಗಿದ್ದರು ಅಂದುಕೊಳ್ಳಬೇಡಿ. ರೊಟ್ಟಿಗೆ ರೇಷನ್ ಬಂತು. ಮತ್ತೆ ರೈತರ ಕಾಳನ್ನು ಸೈನ್ಯ ಎತ್ತಿತು. 1942ರಲ್ಲಿ ಆಸ್ತಿ ತೆರಿಗೆ ಅಂತ ಒಂದು ಕಾನೂನು ತಂದು ಗ್ರೀಕ್, ಅರ್ಮೇನಿಯನ್, ಯಹೂದಿ ವ್ಯಾಪಾರಿಗಳ ಮೇಲೆ ಮುಸ್ಲಿಮರಿಗಿಂತ ಹಲವು ಪಟ್ಟು ತೆರಿಗೆ ಹೇರಿದರು. ಕಟ್ಟಲಾಗದವರ ಅಂಗಡಿ, ಮನೆ, ಮನೆಯೊಳಗಿನ ಸಾಮಾನು ಹರಾಜಾಯಿತು. ಅಷ್ಟಾದರೂ ಬಾಕಿ ಉಳಿದವರನ್ನು ಪೂರ್ವದ ಅಷ್ಕಾಲೆ ಅನ್ನುವ ಊರಿಗೆ ಸಾಗಿಸಿ ರಸ್ತೆಯ ಹಿಮ ಎತ್ತುವ ಕೆಲಸಕ್ಕೆ ಹಚ್ಚಿದರು. ಕೆಲವರು ಅಲ್ಲೇ ಸತ್ತರು. ಆ ಕಾನೂನನ್ನು 1944ರ ಮಾರ್ಚಿನಲ್ಲಿ ರದ್ದು ಮಾಡಿದರು. ಅಷ್ಟು ಹೊತ್ತಿಗೆ ಇಸ್ತಾಂಬುಲ್‌ನ ಎಷ್ಟೋ ಅಂಗಡಿಗಳ ಬೋರ್ಡು ಬದಲಾಗಿತ್ತು.